ಚಕ್ಕಡಿಯ ಜಾಡಿಗೆ ಕೂಡಿಸಿದ ಜೀಪು

ನಮ್ಮ ಮನೆಯಲ್ಲಿ ‘ರಸ್ತೆ’ ಎಂಬ ಮಾತಿಗೆ ಹೆಚ್ಚಿನ ಬೆಲೆ ಇರಲಿಲ್ಲ. ‘ಜಾಡು’ ಎಂಬ ಮಾತಿಗೆ ಇತ್ತು. ಅಪ್ಪ ಚಕ್ಕಡಿ ಮಾಡುವ ಬಡಿಗ. ಬೈಲಹೊಂಗಲದ ಅಂಚಿನಲ್ಲಿ, ಹತ್ತಿ ಗಿರಣಿಗಳ ಹಿಂಬದಿಗೆ, ನಮ್ಮ ಮನೆ ಮತ್ತು ಅವನ ಕೆಲಸದ ಛಪ್ಪರ ಒಂದಕ್ಕೊಂದು ಆತುಕೊಂಡಿದ್ದವು. ಛಪ್ಪರದ ಜಂತಿಗೆ ಒಂದು ಜಾಲಿಯ ಕೋಲನ್ನು ಸಿಕ್ಕಿಸಿ ಇಟ್ಟಿರುತ್ತಿದ್ದರು. ಚಕ್ಕಡಿಯ ಎರಡು ಗಾಲಿಗಳ ನಡುವಿನ ಅಂತರವನ್ನು ತೋರಿಸುವ ಕೋಲು ಅದು, ಅಜ್ಜನ ಕಾಲದ್ದು. ಸಂಪಗಾಂವದ ಕಡೆಯ ಚಕ್ಕಡಿಗಳೂ, ನಮ್ಮ ಅವ್ವನ ತವರಿನ ಕಡೆಯವರು ರಾಮದುರ್ಗದ ಸೀಮೆಯಲ್ಲಿ ಮಾಡುತ್ತಿದ್ದ ಚಕ್ಕಡಿಗಳೂ ಅದೇ ಅಳತೆಯವು. ಎರೆಭೂಮಿಯ ಹಾದಿಯಲ್ಲಿ ಮುಂದಿನ ಗಾಡಿ ಕೊರೆದ ಕೊರಕಲಿನಲ್ಲಿಯೇ ಹಿಂದಿನ ಗಾಡಿಯ ಗಾಲಿ ಉರುಳಬೇಕು. ಅಂತರ ತುಸು ತಪ್ಪಿದರೆ ಒಂದು ಗಾಲಿ ಕೊರಕಲಿನಲ್ಲಿ, ಮತ್ತೊಂದು ದಿಬ್ಬದ ಮೇಲೆ.

“ಜಾಡಿಗೆ ಕೂಡಲಾರದ ಗಾಡಿ ಗಾಡೀನ ಅಲ್ಲ. ಅದು ಎತ್ತಿಗೆ ಕೊಟ್ಟ ಶಿಕ್ಷಾ,” ಎಂದು ಅಪ್ಪ ಹೇಳುತ್ತಿದ್ದ.

ಈ ಮಾತನ್ನು ಮೊದಲೇ ಬರೆದಿಡಲು ಕಾರಣವಿದೆ. ಮುಂದೆ ನಡೆದುದೆಲ್ಲ ಈ ಮಾತಿನಿಂದಲೇ ನಡೆಯಿತು.

ಅಣ್ಣ ನನಗಿಂತ ದೊಡ್ಡವನು. ಸೈನ್ಯದಲ್ಲಿ ಚಾಲಕನಾಗಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ನೆಲಬಾಂಬಿಗೆ ಸಿಕ್ಕಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ. ಪುಣೆಯಲ್ಲಿ ಬಹುಕಾಲ ಆಸ್ಪತ್ರೆಯಲ್ಲಿದ್ದು ಮರದ ಕಾಲು ಕಟ್ಟಿಸಿಕೊಂಡು ಊರಿಗೆ ಬಂದ. ಬಂದ ದಿನ ಅವ್ವ ಒಳಗೆ ಹೋಗಿ ಅತ್ತಳು. ಅಪ್ಪ ಅಳಲಿಲ್ಲ. ಮರದ ಕಾಲನ್ನು ಬಿಚ್ಚಿಸಿ, ತೊಡೆಯ ಮೇಲೆ ಇಟ್ಟುಕೊಂಡು, ಅದರ ಎಳೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

“ಕಟ್ಟಿಗಿ ಚಲೋ ಐತಿ. ಆದ್ರ ಕೀಲು ಸಡ್ಲ ಬಿಟ್ಟಾರ.”

“ಬಡಿಗೇರ ಮಗಗ ಕಟ್ಟಿಗಿ ಕಾಲು,” ಎಂದ ಅಣ್ಣ. “ಸರಕಾರಕ್ಕೂ ತಿಳಿತೈತಿ ನೋಡಪ್ಪಾ, ಯಾರಿಗೆ ಏನ ಕೊಡಬೇಕಂತ.”

ಅಪ್ಪ ನಗಲಿಲ್ಲ. ಅಂದಿನಿಂದ ಅವನು ನಕ್ಕುದನ್ನು ನಾವು ಯಾರೂ ಬಹಳ ಕಾಲ ನೋಡಲಿಲ್ಲ.

ಯುದ್ಧಕ್ಕೆ ಮೊದಲು, ರಜೆಗೆ ಬಂದಿದ್ದಾಗ, ಅಣ್ಣನಿಗೆ ಹೆಣ್ಣು ಗೊತ್ತಾಗಿತ್ತು. ಅವ್ವನ ಚಿಕ್ಕಪ್ಪನ ಮಗನ ಮಗಳು. ಹುಡುಗಿಯ ಅಪ್ಪನೂ ಬಡಿಗನೇ, ಜೊತೆಗೆ ಸ್ವಲ್ಪ ಎರೆಹೊಲ ಮತ್ತು ಒಂದು ಜೋಡು ಎತ್ತು ಇದ್ದವು. ನಾವು ಅವನನ್ನು ಮಾವ ಎಂದೇ ಕರೆಯುತ್ತಿದ್ದೆವು. ಅವನ ಊರು ಸವದತ್ತಿಯಿಂದ ರಾಮದುರ್ಗದ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ, ಒಂದು ಹಳ್ಳದ ಆಚೆಗೆ ಇತ್ತು. ಸಕ್ಕರೆ ಹಂಚಿ ಆಗಿತ್ತು. ಮದುವೆಯೊಂದು ಬಾಕಿ.

ಅಣ್ಣ ಬಂದ ಸುದ್ದಿ ತಿಳಿದು ಮಾವ ಮನೆಗೆ ಬಂದ. ಒಳ್ಳೆಯ ಮನುಷ್ಯ. ಅದನ್ನು ಇಂದಿಗೂ ಅಲ್ಲಗಳೆಯಲಾರೆ. ಕಟ್ಟೆಯ ಮೇಲೆ ಕುಳಿತು, ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತಿದ್ದ. ನಾನು ಆಗ ತಾನೇ ಬಿ.ಎ. ಮುಗಿಸಿದ್ದೆ, ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಮೌನ ಮುರಿಯುವುದು ನನ್ನ ಕರ್ತವ್ಯವೆಂದು ತಿಳಿದು, “ಮಾವನವರೇ, ತಮ್ಮ ಊರಿನಲ್ಲಿ ಮಳೆ ಬೆಳೆಗಳ ಪರಿಸ್ಥಿತಿ ಹೇಗಿದೆ?” ಎಂದು ಕೇಳಿದೆ.

ಮಾವ ನನ್ನ ಕಡೆ ತಿರುಗಿ, “ಯಪ್ಪಾ, ಇದೇನ ರೇಡಿಯೋದಾಗ ಸುದ್ದಿ ಓದಾಕತ್ತಿ ಏನು?” ಎಂದ. ಅಪ್ಪನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು. ಆ ನಗೆಯ ಆಸರೆಯಲ್ಲಿಯೇ ಅವನು ಬಂದ ವಿಷಯವನ್ನು ಎತ್ತಿದ.

“ನೋಡಕ್ಕಾ,” ಎಂದು ಅವ್ವನಿಗೆ ಹೇಳಿದ, “ನನಗ ಇರಾಕಿ ಒಬ್ಬಾಕಿ. ಕೊಟ್ಟ ಮಾತು ನಾ ಮುರ್ಯಾಂವ ಅಲ್ಲ. ಆದ್ರ ನಮ್ಮೂರ ಎರಿ ನಿನಗ ಗೊತ್ತೈತಿ, ಅಲ್ಲೇ ಹುಟ್ಟಿದಾಕಿ ನೀ. ಮಳಿಗಾಲದಾಗ ಎರಡು ಕಾಲಿದ್ದಾವರ ಕಾಲ ಹುಗಿತಾವ. ವರ್ಷಾ ಪಂಚಮಿಗೆ ಹೆಣ್ಣಮಕ್ಕಳು ತವರಿಗೆ ಬರಬೇಕು. ನನ್ನ ಮಗಳನ್ನ ಯಾರು ಕರ್ಕೊಂಡ ಬರತಾರ? ಸತ್ತ್ರ, ಕೆಟ್ರ, ಯಾರು ಬರತಾರ?”

“ನಾ ಬರತೇನಿ ಮಾವ,” ಎಂದ ಅಣ್ಣ.

“ಹ್ಯಾಂಗ ಬರತಿ?”

ಅಣ್ಣ ಮರದ ಕಾಲನ್ನು ಕೈಯಿಂದ ಎತ್ತಿ ತುಸು ಒಳಗೆ ಎಳೆದುಕೊಂಡ.

“ಬರೂ ವರ್ಷದ ಪಂಚಮಿಗೆ ಬಾ ಅಳಿಯಾ. ಹುಡುಗಿಗೆ ಸೀರಿ ತಗೊಂಡ ಬಾ. ಯಾರ ಹೆಗಲ ಮ್ಯಾಲೂ ಬ್ಯಾಡ, ಯಾರ ಎತ್ತಿನ ಹಿಂದೂ ಬ್ಯಾಡ. ನಿನ್ನ ಕಾಲ ಮ್ಯಾಲೆ ನೀ ಬಾ. ಅವತ್ತ ಕುಂತ ಮುಹೂರ್ತ ತಗಸತೇನಿ.”

ಹೇಳಿದ ಮೇಲೆ ಆಡಿದ ಪದದ ಅರಿವಾಗಿ ಅವನ ಮುಖ ಕಪ್ಪಿಟ್ಟಿತು. “ಹಂಗಲ್ಲ, ನಾ ಅಂದದ್ದು...” ಎಂದು ತಡವರಿಸಿದ. ಅಣ್ಣನೇ ಅವನ ಕೈ ಹಿಡಿದು, “ಗೊತ್ತಾತ ಬಿಡ್ರಿ ಮಾವ, ಒಂದ ಕಾಲಿಗೆ ಒಂದು ಗಾಡಿ ಕೂಡಿಸಿದ್ರ ಎರಡಾಗತಾವ,” ಎಂದ.

ಹಾಗೆ ಆ ಜೀಪು ನಮ್ಮ ಮನೆಗೆ ಬಂದಿತು.

ಕಿತ್ತೂರಿನಲ್ಲಿ ಒಬ್ಬ ಕಟ್ಟಿಗೆಯ ವ್ಯಾಪಾರಿ ಹೊಸ ಮನೆ ಕಟ್ಟಿಸುತ್ತಿದ್ದ. ಅದರ ತಲೆಬಾಗಿಲಿನ ಕೆತ್ತನೆಗೆ ಅಪ್ಪನನ್ನು ಕರೆಸಿದ್ದ. ಅವನ ಕಟ್ಟಿಗೆಯ ಅಡ್ಡೆಯ ಹಿಂದೆ, ಹುಣಸೆಯ ಮರದ ಕೆಳಗೆ, ಮಿಲಿಟರಿಯವರು ಲಿಲಾವಿನಲ್ಲಿ ಹೊರಹಾಕಿದ್ದ ಹಳೆಯ ಜೀಪು ಬಿದ್ದಿತ್ತು. ಕಾಡಿನಿಂದ ದಿಮ್ಮಿ ಎಳೆಸಿ ಎಳೆಸಿ ಅದನ್ನು ಮುಗಿಸಿದ್ದರು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅಪ್ಪ ಬಾಗಿಲಿನ ಕೂಲಿಗೆ ಬದಲಾಗಿ ಅದನ್ನೇ ಕೇಳಿ ಪಡೆದ. ಬಾಡಿಗೆಯ ಜೋಡೆತ್ತು ಹೂಡಿ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಎಳೆಸಿಕೊಂಡು ಬಂದೆವು. ಅಣ್ಣ ಸ್ಟಿಯರಿಂಗ್ ಹಿಡಿದು ಕುಳಿತಿದ್ದ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಸಂತೆಯಿಂದ ಬರುತ್ತಿದ್ದ ಒಬ್ಬ ಮುದುಕಿಯಂತೂ, “ಯಪ್ಪಾ, ಎತ್ತ ಜೀಪ ಎಳ್ಯಾಕತ್ತಾವೋ, ಜೀಪ ಎತ್ತ ದೂಡಾಕತ್ತೈತೋ?” ಎಂದು ಕೇಳಿದಳು.

ಮನೆಯ ಮುಂದೆ ಇಳಿದ ಅಣ್ಣ ಹೇಳಿದ: “ಇದಕ್ಕ ಎತ್ತ ಹೂಡಿದ್ದು ಇದ ಕೊನೀದು. ಇನ್ನೊಮ್ಮೆ ಹೂಡಿದ್ರ ನಾ ಇದನ್ನ ಮುಟ್ಟೂದಿಲ್ಲ.”

ಆ ಚಳಿಗಾಲ ಮತ್ತು ಬೇಸಿಗೆಯೆಲ್ಲ ನಮ್ಮ ಛಪ್ಪರದಲ್ಲಿ ಚಕ್ಕಡಿಯ ಕೆಲಸ ಹಿಂದೆ ಬಿತ್ತು. ಗಿರಣಿಯ ಟ್ರಕ್ಕುಗಳನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯೊಬ್ಬ ಬಿಡುವಾದಾಗಲೆಲ್ಲ ಬಂದು ಕೂರುತ್ತಿದ್ದ. ಅವನೂ ಅಣ್ಣನೂ ಸೇರಿ ಎಂಜಿನ್ನನ್ನು ಇಳಿಸಿ, ಬಿಚ್ಚಿ, ಗೋಣಿಚೀಲದ ಮೇಲೆ ಹರವಿದರು. ಹಸಿರು ಬಣ್ಣವನ್ನು ಕೆರೆಯುವಾಗ ಬಾನೆಟ್ಟಿನ ಮೇಲೆ ಇನ್ನೂ ಹಳೆಯ ಬಣ್ಣದಲ್ಲಿ ಒಂದು ದೊಡ್ಡ ಬಿಳಿ ನಕ್ಷತ್ರ ಕಂಡಿತು.

“ಅಮೇರಿಕಾದ್ದು,” ಎಂದ ಮೇಸ್ತ್ರಿ. “ಹಿಂದಿನ ದೊಡ್ಡ ಲಡಾಯಿದು. ನಿಮಗಿಂತ ಸೀನಿಯರ್ ಐತ್ರಿ ಫೌಜಿ, ಸಲಾಮ ಹೊಡೀರಿ.”

ಅಣ್ಣ ಎದ್ದು ನಿಂತು ನಿಜವಾಗಿಯೂ ಸಲಾಮು ಹೊಡೆದ. ಆ ನಕ್ಷತ್ರವನ್ನು ಕೆರೆಯಲು ಬಿಡಲಿಲ್ಲ.

ಎಡಗಾಲಿನ ಕೆಲಸ ಕ್ಲಚ್ಚಿನದು. ಮರದ ಕಾಲಿಗೆ ಪೆಡಲಿನ ಒತ್ತಡ ತಿಳಿಯುವುದಿಲ್ಲ. ಆದ್ದರಿಂದ ಕ್ಲಚ್ಚನ್ನು ಕೈಗೆ ತಂದರು: ಪೆಡಲಿಗೆ ಕಬ್ಬಿಣದ ಸಲಾಕೆ, ಸಲಾಕೆಯ ಮೇಲ್ತುದಿಗೆ ಅಪ್ಪ ಕಡೆದು ಕೂರಿಸಿದ ಜಾಲಿಯ ಹಿಡಿಕೆ. ಎಡಗೈಯಿಂದ ಅದನ್ನು ಎಳೆದು, ಮೊಣಕೈಯಿಂದ ಸ್ಟಿಯರಿಂಗನ್ನು ಒತ್ತಿ ಹಿಡಿದು, ಬಲಗೈಯಿಂದ ಗೇರು ಹಾಕುವುದನ್ನು ಅಣ್ಣ ನಿಂತ ಗಾಡಿಯಲ್ಲಿಯೇ ದಿನಗಟ್ಟಲೆ ಅಭ್ಯಾಸ ಮಾಡಿದ. ಎರೆಮಣ್ಣು ಗಾಲಿಗೂ ತಗಡಿಗೂ ನಡುವೆ ತುಂಬಿಕೊಂಡು ಗಾಲಿಯನ್ನೇ ಕಟ್ಟಿಹಾಕುತ್ತದೆಂದು ಮಡ್‌ಗಾರ್ಡುಗಳನ್ನು ಕತ್ತರಿಸಿ ಎತ್ತರಕ್ಕೆ ಒಯ್ದರು. ತುಕ್ಕು ತಿಂದ ಹಿಂಭಾಗವನ್ನು ತೆಗೆದುಹಾಕಿ ಅಪ್ಪ ಅಲ್ಲಿ ತೇಗದ ಹಲಗೆಯ ತಳ ಕೂರಿಸಿದ. ಎರಡೂ ಬದಿಗೆ ಚಕ್ಕಡಿಗೆ ಇರುವಂತಹ ಗೂಟಗಳನ್ನು ಇಟ್ಟ. ಮುಂಭಾಗ ಅಮೇರಿಕಾದ್ದು, ಹಿಂಭಾಗ ಬೈಲಹೊಂಗಲದ್ದು ಎಂದು ಮೇಸ್ತ್ರಿ ನಗುತ್ತಿದ್ದ.

ಇನ್ನು ಗಾಲಿಗಳ ಮಾತು. ಒಂದು ಮಧ್ಯಾಹ್ನ ಅಪ್ಪ ಜಂತಿಯಿಂದ ಆ ಜಾಲಿಯ ಕೋಲನ್ನು ಇಳಿಸಿ ಜೀಪಿನ ಮುಂದೆ ಹಿಡಿದ. ಜೀಪಿನ ಗಾಲಿಗಳು ಕೋಲಿಗಿಂತ ಒಳಗಿದ್ದವು. ಅಪ್ಪ ಕೋಲನ್ನು ಎರಡೂ ಬದಿಗೆ ಸರಿಸಿ ನೋಡಿದ. ಎರಡೂ ಬದಿಗೆ ಮೂರು ಬೆರಳಿನಷ್ಟು ಕೊರತೆ.

“ಹಿಂಗಾಗಿ ಇವು ಎರ್ಯಾಗ ನಡ್ಯೂದಿಲ್ಲ,” ಎಂದ. “ಒಂದ ಗಾಲಿ ತೆಗ್ಗಿನ್ಯಾಗ, ಒಂದ ದಿಬ್ಬದ ಮ್ಯಾಲೆ. ಜಾಡಿಗೆ ಕೂಡಸ್ರಿ.”

ಮೇಸ್ತ್ರಿ ತಲೆ ಕೆರೆದುಕೊಂಡ. ಗಾಲಿಯ ನಡುವಿನ ತಟ್ಟೆಯನ್ನು ಕತ್ತರಿಸಿ, ತಿರುವಿ, ಮತ್ತೆ ಬೆಸುಗೆ ಹಾಕಿದರೆ ಗಾಲಿ ಹೊರಗೆ ನಿಲ್ಲುತ್ತದೆಂದು ಹೇಳಿದ. ನಾಲ್ಕೂ ಗಾಲಿಗಳನ್ನು ಹಾಗೆಯೇ ಮಾಡಿದರು. ಬೆಸುಗೆ ಆರಿದ ಮೇಲೆ ಅಪ್ಪ ಮತ್ತೊಮ್ಮೆ ಕೋಲು ಹಿಡಿದ. ಕೋಲಿನ ಎರಡು ತುದಿಗಳು ಎರಡು ಟಾಯರುಗಳ ನಟ್ಟನಡುವಿಗೆ ಬಂದವು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಆಗ ಅಪ್ಪ ನಕ್ಕ. ಅವನ ಮುಂದಿನ ಹಲ್ಲೊಂದು ಬಿದ್ದಿರುವುದು ನನಗೆ ಗೊತ್ತಾದದ್ದು ಅಂದೇ. ಬಾನೆಟ್ಟಿನ ನಕ್ಷತ್ರದ ಮೇಲೆ ಎತ್ತಿನ ಬೆನ್ನು ತಟ್ಟುವಂತೆ ತಟ್ಟಿ, “ಈಗ ನೋಡಪ್ಪಾ, ಇದು ಜೀಪಲ್ಲ. ಎಂಜಿನ್ ಹಚ್ಚಿದ ಚಕ್ಕಡಿ,” ಎಂದ. ಅಡಿಗೆಮನೆಯ ಬಾಗಿಲಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಣ್ಣ ಅಪ್ಪನ ಮುಖವನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದವನು ಮತ್ತೆ ಮುಚ್ಚಿದ.

ಬೇಸಿಗೆಯ ಕೊನೆಯಲ್ಲಿ ಸಂಪಗಾಂವದ ಕಡೆಯ ಹೊಲದ ಹಾದಿಗಳಲ್ಲಿ ಓಡಿಸಿ ನೋಡಿದೆವು. ಒಣಗಿದ ಜಾಡಿನಲ್ಲಿ ಜೀಪು ಹಳಿಯ ಮೇಲಿನ ರೈಲಿನಂತೆ ಹೋಯಿತು. ಸ್ಟಿಯರಿಂಗ್ ಬಿಟ್ಟರೂ ತಾನೇ ಹಾದಿ ಹಿಡಿಯುತ್ತಿತ್ತು. ಆ ಸಂಜೆ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಅಣ್ಣ ಮರದ ಕಾಲನ್ನು ಬಿಚ್ಚಿ ಬದಿಗಿಟ್ಟು, ಸರಿಯಾಗಿ ಕುಳಿತು ಉಂಡ. ನಾನು ಅಂದು ನಂಬಿದೆ. ನಂಬದಿರಲು ಕಾರಣವಿರಲಿಲ್ಲ.

ಶ್ರಾವಣ ಬಂದಿತು. ಮಳೆ ಒಂದು ವಾರದಿಂದ ಹಿಡಿದಿತ್ತು. ಪಂಚಮಿಯ ದಿನ ಬೆಳಿಗ್ಗೆ ಅವ್ವ ಒಂದು ಬುಟ್ಟಿಯಲ್ಲಿ ಶೇಂಗಾದುಂಡಿ, ಎಳ್ಳುಂಡಿ, ಅರಳು ತುಂಬಿದಳು. ಅದರ ಮೇಲೆ ಇಳಕಲ್ ಸೀರೆಯನ್ನು ಅರಿವೆಯಲ್ಲಿ ಸುತ್ತಿ ಇಟ್ಟಳು. ಅಪ್ಪ ನಾಲ್ಕು ಗಾಲಿಗಳಿಗೂ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದ. ಅವನು ಬರಲಿಲ್ಲ. ಮಾವನ ಮುಂದೆ ಅಣ್ಣ ಒಬ್ಬನೇ ಹೋಗಬೇಕೆಂಬುದು ಅಪ್ಪನ ಇಚ್ಛೆಯಾಗಿತ್ತು. ಆದರೆ ಬುಟ್ಟಿ ಹಿಡಿದು ಕೂರಲು ಒಬ್ಬರು ಬೇಕಲ್ಲ, ನಾನು ಹೋದೆ. ನನ್ನ ಮೈಮೇಲೆ ಸಂದರ್ಶನಗಳಿಗೆಂದು ಹೊಲಿಸಿದ್ದ ಬಿಳಿಯ ಅಂಗಿ ಇತ್ತು.

ಸವದತ್ತಿಯವರೆಗೆ ರಸ್ತೆ ಚೆನ್ನಾಗಿತ್ತು. ದಾಟಿದ ಮೇಲೂ ತೊಂದರೆಯಾಗಲಿಲ್ಲ. ರಾಮದುರ್ಗದ ರಸ್ತೆಯನ್ನು ಬಿಟ್ಟು ಎರೆಹಾದಿಗೆ ಇಳಿಯುವಲ್ಲಿ ಅಣ್ಣ ಗಾಡಿ ನಿಲ್ಲಿಸಿ, ಮುಂದಿನ ಗಾಲಿಗಳಿಗೂ ಶಕ್ತಿ ಹೋಗುವಂತೆ ಒಂದು ಗೇರು ಬದಲಿಸಿದ. ಹಳ್ಳದಲ್ಲಿ ಕೆಂಪು ನೀರು ತೊಡೆಯ ಮಟ್ಟ ಹರಿಯುತ್ತಿತ್ತು. ನಾನು ಬುಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಜೀಪು ನೀರನ್ನು ಎರಡು ಪಾಲು ಮಾಡಿಕೊಂಡು ಆಚೆಯ ದಂಡೆಯನ್ನು ಗೂಳಿಯಂತೆ ಗುದ್ದಿ ಹತ್ತಿತು. ಅಣ್ಣ ಕೂಗಿದ. ಅದು ಯಾವ ಭಾಷೆಯ ಮಾತೂ ಅಲ್ಲ; ಬರೀ ಕೂಗು. ಅವನ ಗಂಟಲಿನಿಂದ ಅಂತಹ ಸದ್ದು ಮುಂದೆಂದೂ ನಾನು ಕೇಳಲಿಲ್ಲ.

ಅಲ್ಲಿಂದ ಊರು ಕಾಣುತ್ತಿತ್ತು. ಊರಬಾಗಿಲಾದ ಅಗಸಿಯ ಪಕ್ಕದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಬಣ್ಣದ ಸೀರೆಗಳು ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತಿದ್ದವು. ಹಾದಿಯಲ್ಲಿ ಎರಡು ಕೊರಕಲುಗಳು ನೇರವಾಗಿ ಅಗಸಿಯವರೆಗೆ ಹೋಗಿದ್ದವು. ಗೊಬ್ಬರ ಹೇರಿದ ಚಕ್ಕಡಿಗಳು ಮಳೆಯಲ್ಲಿ ಓಡಾಡಿ ಅವುಗಳನ್ನು ಕಾಲುವೆಯಷ್ಟು ಆಳ ಮಾಡಿದ್ದವು. ಜೀಪಿನ ಗಾಲಿಗಳು ತಾವಾಗಿಯೇ ಅವುಗಳಲ್ಲಿ ಇಳಿದವು. ಸರಿಯಾಗಿ ಇಳಿದವು. ಅಪ್ಪನ ಕೋಲು ಸುಳ್ಳು ಹೇಳಿರಲಿಲ್ಲ.

ಸ್ವಲ್ಪ ದೂರ ಹೋಗಿ ಜೀಪು ನಿಂತಿತು. ಕೆಳಗಿನಿಂದ ಏನೋ ಕರಕರ ಉಜ್ಜಿದ ಸದ್ದು. ಎಂಜಿನ್ ಗರ್ಜಿಸುತ್ತಿತ್ತು, ನಾಲ್ಕು ಗಾಲಿಗಳೂ ತಿರುಗುತ್ತಿದ್ದವು, ಗಾಡಿ ಮಾತ್ರ ಕದಲಲಿಲ್ಲ.

ನಾನು ಇಳಿದು ಬಗ್ಗಿ ನೋಡಿದೆ. ಚಕ್ಕಡಿಯ ಗಾಲಿ ಎದೆಯ ಮಟ್ಟ. ಅದರ ಅಚ್ಚು ನೇರವಾದ ತೊಲೆ. ಗಾಲಿ ಎಷ್ಟು ಆಳಕ್ಕೆ ಇಳಿದರೂ ಅಚ್ಚು ನಡುವಿನ ದಿಬ್ಬದ ಮೇಲೆಯೇ ಉಳಿಯುತ್ತದೆ. ಜೀಪಿನ ಗಾಲಿ ಮೊಣಕಾಲಿನಷ್ಟು ಎತ್ತರ. ಅದರ ಅಚ್ಚಿಗೆ ಕುಂಬಳಕಾಯಿಯಂತಹ ಕಬ್ಬಿಣದ ಗುಂಡು ಕೆಳಗೆ ಜೋತಿರುತ್ತದೆ. ಆ ಗುಂಡು ನಡುವಿನ ದಿಬ್ಬವನ್ನು ಉಳುತ್ತ ಬಂದು ಅಲ್ಲಿಯೇ ಕುಳಿತಿತ್ತು. ಗಾಡಿಯ ಭಾರವೆಲ್ಲ ದಿಬ್ಬದ ಮೇಲೆ. ಗಾಲಿಗಳು ಎರಡೂ ಬದಿಯ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿದ್ದವು. ಗಾಲಿಗಳು ಮೊದಲಿನಂತೆ ಇದ್ದಿದ್ದರೆ ಜಾಡಿಗೆ ಇಳಿಯುತ್ತಲೇ ಇರಲಿಲ್ಲ. ಒಂದು ಬದಿಗೆ ವಾಲಿಕೊಂಡಾದರೂ ದಿಬ್ಬ ಹಿಡಿದು ಸಾಗುತ್ತಿತ್ತು. ಅಗಲ ಮಾಡಿದ್ದರಿಂದಲೇ ಒಳಗೆ ಬಿದ್ದಿತು. ಒಮ್ಮೆ ಬಿದ್ದ ಮೇಲೆ ಆ ಗೋಡೆಗಳನ್ನು ಹತ್ತಿ ಹೊರಬರುವ ಹಾದಿ ಇರಲಿಲ್ಲ.

ಅಣ್ಣ ಹಿಂದಕ್ಕೆ ಮುಂದಕ್ಕೆ ಹಲವು ಸಲ ಆಡಿಸಿದ. ನಾನು ಹಿಂದಿನಿಂದ ದೂಡಿದೆ. ಪ್ರತಿ ಸಲವೂ ಜೀಪು ಸ್ವಲ್ಪ ಸ್ವಲ್ಪ ಕೆಳಗೆ ಇಳಿಯಿತು. ಕೊನೆಗೆ ಅವನು ಎಂಜಿನ್ ಬಂದ್ ಮಾಡಿ, ಜಾಲಿಯ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ಕುಳಿತ.

“ಫೌಜಿನ್ಯಾಗ ಕಲಸೂ ಮೊದಲನೇ ಪಾಠ ಇದ,” ಎಂದ. “ಕೆಸರಿನ ಜಾಡಿನ್ಯಾಗ ಗಾಲಿ ಇಡಬ್ಯಾಡ್ರಿ, ದಿಬ್ಬ ಹಿಡೀರಿ ಅಂತ.”

“ಮತ್ತ ಅಪ್ಪಗ ಯಾಕ ಹೇಳಲಿಲ್ಲ?”

“ಅವತ್ತ ಅಪ್ಪ ನಕ್ಕಿದ್ದ.”

ಆಮೇಲೆ, ನನಗಲ್ಲ, ಸ್ಟಿಯರಿಂಗಿಗೆ ಹೇಳಿದಂತೆ, “ದಾಟತೈತಿ ಅನ್ಕೊಂಡಿದ್ದೆ,” ಎಂದ.

ಅಗಸಿಯ ಕಡೆ ಜೋಕಾಲಿ ನಿಂತುಬಿಟ್ಟಿತ್ತು. ಜನ ಬರತೊಡಗಿದರು. ಪಂಚಮಿಯ ದಿನ, ಎಲ್ಲರಿಗೂ ಬಿಡುವು.

“ಬೀಗರು ಜೀಪ ಬಿತ್ತ್ಯಾರಲ್ಲೋ!”

“ಬಿತ್ತಲಿ ಬಿಡು, ಹದ ಚಲೋ ಐತಿ. ದೀಪಾವಳಿಗೆ ಮರಿ ಜೀಪ ಹುಟ್ಟತಾವ.”

“ಯಪ್ಪಾ, ಸಾಲಾಗಿ ಬಿತ್ತರಿ, ಎಡಿ ಹೊಡದ ಕಸಾ ತಗ್ಯಾಕ ಸಲೀಸ ಆಗತೈತಿ.”

ಅಣ್ಣನೂ ನಕ್ಕ. ನಗದೆ ಏನು ಮಾಡುವುದು? ಅಷ್ಟರಲ್ಲಿ ಜನರ ಹಿಂದಿನಿಂದ ಮಾವ ಬಂದ. ಅವನು ಒಬ್ಬನೇ ಬಂದಿರಲಿಲ್ಲ. ಜೊತೆಗೆ ಅವನ ಜೋಡೆತ್ತು, ಹೆಗಲ ಮೇಲೆ ಹಗ್ಗ. ಯಾರೋ ಮೊದಲೇ ಹೋಗಿ ಹೇಳಿರಬೇಕು. ಎತ್ತುಗಳನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿ, ಜೀಪಿನ ಬಳಿಗೆ ಬಂದು, ಮೆಲ್ಲಗೆ ಕೇಳಿದ:

“ಹೂಡ್ಲ್ಯಾ ಅಳಿಯಾ?”

“ಬ್ಯಾಡ್ರಿ ಮಾವ.”

“ಮಳಿ ಇನ್ನ ಬರತೈತಿ.”

“ಬರಲಿ. ಇಲ್ಲಿಂದ ಅಗಸಿ ಎಷ್ಟ ದೂರ ಐತಿ? ನಾ ನಡದ ಬರತೇನಿ.”

ಮಾವ ಹಾದಿ ಬಿಟ್ಟು ಬದಿಗೆ ಸರಿದ. ಅಣ್ಣ ಸೀರೆಯ ಗಂಟನ್ನು ನನ್ನಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡು ಇಳಿದ. ಬಲಗಾಲು ಊರಿದ, ನಿಂತಿತು. ಮರದ ಕಾಲನ್ನು ಮುಂದಿಟ್ಟ. ಅದು ಇಳಿಯಿತು. ಎರೆಗೆ ಮರದ ಕಾಲು, ಮಾಂಸದ ಕಾಲು ಎಂಬ ಭೇದವಿಲ್ಲ, ಎರಡನ್ನೂ ಹಿಡಿದುಕೊಳ್ಳುತ್ತದೆ. ಅಣ್ಣ ಬಲ ಹಾಕಿ ಎಳೆದ. ಮತ್ತೊಮ್ಮೆ ಎಳೆದ. ಮೂರನೆಯ ಸಲ ಸೊಂಟದ ಪಟ್ಟಿ ಬಿಚ್ಚಿಕೊಂಡು ಅವನು ಕೆಸರಿಗೆ ಬಿದ್ದ. ಕಾಲು ಮಾತ್ರ ಅಲ್ಲಿಯೇ, ನೆಟ್ಟಗೆ, ಬೂಟಿನ ಸಮೇತ ನಿಂತಿತ್ತು.

ಜೋಕಾಲಿಯ ಹತ್ತಿರ ನಿಂತಿದ್ದ ಹೆಂಗಸರಲ್ಲಿ ಯಾರೋ “ಅಯ್ಯ ಶಿವನ” ಎಂದದ್ದು ಅಷ್ಟು ದೂರಕ್ಕೂ ಕೇಳಿಸಿತು.

ನಾನು ಅಣ್ಣನನ್ನು ಎತ್ತಲು ಓಡಿದೆ. ಮಾವ ಧೋತರವನ್ನು ಮೇಲಕ್ಕೆ ಕಟ್ಟಿ, ಕೆಸರಿಗೆ ಇಳಿದು, ಎರಡೂ ಕೈಗಳಿಂದ ಕಾಲನ್ನು ಅಲುಗಾಡಿಸಿ ಕಿತ್ತ. ಕೊರಕಲಿನಲ್ಲಿ ನಿಂತ ನೀರಿನಲ್ಲಿ ಅದನ್ನು ತೊಳೆದ, ಬೂಟನ್ನೂ ತೊಳೆದ. ಬಡಿಗನ ಕೈ, ತೊಳೆಯುತ್ತಲೇ ಕೀಲನ್ನು ಒಮ್ಮೆ ಆಡಿಸಿ ನೋಡಿದ. ಆಮೇಲೆ ಹಿರಿಯರಿಗೆ ತಾಂಬೂಲ ಕೊಡುವಂತೆ ಎರಡೂ ಕೈಗಳಲ್ಲಿ ಹಿಡಿದು ಅಣ್ಣನಿಗೆ ಕೊಟ್ಟ. ಅವನ ಕಣ್ಣು ತುಂಬಿತ್ತು. ಆ ಕಣ್ಣುಗಳನ್ನು ನೋಡಿದಾಗಲೇ ನನಗೆ ತಿಳಿಯಿತು, ಹೆಣ್ಣು ಕೊಡುವುದಿಲ್ಲವೆಂದು. ಕೊಡುವವನಾಗಿದ್ದರೆ ಬೈಯುತ್ತಿದ್ದ.

ಅಣ್ಣನಿಗೂ ತಿಳಿದಿರಬೇಕು. ಜೀಪಿಗೆ ಒರಗಿ ಕುಳಿತು ಕಾಲು ಕಟ್ಟಿಕೊಳ್ಳುತ್ತ, ತಲೆ ಎತ್ತದೆ, “ಹೂಡ್ರಿ ಮಾವ,” ಎಂದ.

ಎತ್ತುಗಳು ಬಗ್ಗಿದವು. ಜೀಪು ದಿಬ್ಬದಿಂದ ಕಿತ್ತು ಮುಂದೆ ಸಾಗಿತು. ಜಾಡು ಸರಿಯಾಗಿ ಇದ್ದುದರಿಂದ ಎತ್ತುಗಳಿಗೆ ಹೆಚ್ಚಿನ ತ್ರಾಸವಾಗಲಿಲ್ಲವೆಂದು ಆಮೇಲೆ ಯಾರೋ ಹೊಗಳಿದರು. ಅಣ್ಣ ಸ್ಟಿಯರಿಂಗ್ ಹಿಡಿದು, ಬಂದ್ ಆದ ಎಂಜಿನ್ನಿನ ಹಿಂದೆ, ನೆಟ್ಟಗೆ ಕುಳಿತಿದ್ದ. ಮಾವ ಮುಂದೆ ಹಗ್ಗ ಹಿಡಿದು ನಡೆಯುತ್ತಿದ್ದ. ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಕೆಸರಿನಲ್ಲಿ ಮುಚ್ಚಿಹೋಗಿತ್ತು.

ನಮ್ಮ ಬಡಿಗರ ಮನೆಗಳಲ್ಲಿ ಒಂದು ಪದ್ಧತಿ ಇದೆ. ಬೀಗರ ಊರಿನಿಂದ ಗಾಡಿ ಬಂದರೆ ಮನೆಯ ಹೆಣ್ಣುಮಕ್ಕಳು ಹೊರಗೆ ಬಂದು ಮೊದಲು ಗಾಲಿಗೆ ನೀರು ಹಾಕುತ್ತಾರೆ. ಆಮೇಲೆ ಬಂದವರ ಕಾಲಿಗೆ. ಹುಡುಗಿ ತಂಬಿಗೆ ಹಿಡಿದು ಬಂದಳು. ಹಸಿರು ಸೀರೆ, ಕೈತುಂಬ ಹೊಸ ಬಳೆ. ಬಗ್ಗಿ, ನಾಲ್ಕು ಗಾಲಿಗಳಿಗೂ ನೀರು ಹಾಕಿದಳು. ಆಮೇಲೆ ಅಣ್ಣನ ಮುಂದೆ ಬಂದು ನಿಂತಳು. ಅವನ ಎರಡು ಕಾಲುಗಳನ್ನು ನೋಡಿದಳು. ಯಾವುದಕ್ಕೆ ನೀರು ಹಾಕಬೇಕೆಂದು ತಿಳಿಯದೆ ತಂಬಿಗೆಯನ್ನು ಹಾಗೆಯೇ ಹಿಡಿದು ನಿಂತಳು.

“ಹಾಕವಾ,” ಎಂದ ಅಣ್ಣ, ಬಹಳ ಮೃದುವಾಗಿ. “ಎರಡಕ್ಕೂ ಹಾಕು. ಎರಡೂ ನಿಮ್ಮೂರ ಕೆಸರ ತುಳದಾವ.”

ಹಾಕಿದಳು. ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಉಪಚಾರಕ್ಕೆ ಕೊರತೆಯಾಗಲಿಲ್ಲ. ಉಂಡಿ, ಕಡಬು, ಬಿಸಿ ಹಾಲು. ಸೀರೆಯನ್ನು ಮಾವನ ಹೆಂಡತಿ ತೆಗೆದುಕೊಂಡು ದೇವರ ಮುಂದೆ ಇಟ್ಟಳು, ಹುಡುಗಿಗೆ ಉಡಿಸಲಿಲ್ಲ. ಮುಹೂರ್ತದ ಮಾತು ಬರಲಿಲ್ಲ. ಹೊರಡುವಾಗ ಮಾವ, “ಗಾಡಿ ಇಲ್ಲೇ ಇರಲಿ ಅಳಿಯಾ, ನೆಲ ಆರಲಿ,” ಎಂದಷ್ಟೇ ಹೇಳಿದ. ಅವನದೇ ಚಕ್ಕಡಿಯಲ್ಲಿ ನಮ್ಮನ್ನು ರಸ್ತೆಯವರೆಗೆ ಮುಟ್ಟಿಸಿದ. ಅಲ್ಲಿಂದ ಬಸ್ಸು.

ಮನೆಯ ಬಾಗಿಲಲ್ಲಿ ಅಪ್ಪ ಕಾಯುತ್ತ ನಿಂತಿದ್ದ. ಜೀಪು ಇಲ್ಲದೆ ಬಂದುದನ್ನು ಕಂಡರೂ ಮೊದಲು ಕೇಳಿದ್ದು, “ಜಾಡಿಗೆ ಕೂತಿತ್ತೇನೋ?”

“ಸರಿಯಾಗಿ ಕೂತಿತ್ತಪ್ಪಾ,” ಎಂದ ಅಣ್ಣ. “ಒಂದ ಎಳಿ ಆಕಡೆ ಇಲ್ಲ, ಈಕಡೆ ಇಲ್ಲ.”

“ಮತ್ತ?”

“ಮಳಿ ಭಾಳ ಆತು.”

ಅಪ್ಪ ಆಕಾಶದ ಕಡೆ ನೋಡಿದ. ತಲೆಯಾಡಿಸಿದ. ಅವನು ಬದುಕಿರುವವರೆಗೂ ಅದು ಮಳೆಯ ತಪ್ಪಾಗಿಯೇ ಉಳಿಯಿತು. ನಾನೂ ಬೇರೆ ಹೇಳಲಿಲ್ಲ.

ಹುಡುಗಿಯನ್ನು ಬೇರೆ ಕಡೆ ಗೊತ್ತು ಮಾಡಿದ ಸುದ್ದಿ ದೀಪಾವಳಿಯ ಹೊತ್ತಿಗೆ ರಾಮದುರ್ಗದ ಸಂತೆ ಮಾಡಿ ಬಂದ ನೆಂಟರೊಬ್ಬರಿಂದ ತಿಳಿಯಿತು. ಮಾವ ಅವರ ಬಳಿ ಅಂದಿದ್ದನಂತೆ: “ಎಳ್ಯಾಕ ನನಗೇನ ಬ್ಯಾಸರಿಲ್ಲ. ಆದ್ರ ನಾ ಸತ್ತ ಮ್ಯಾಲೆ ಯಾರ ಎತ್ತ ಎಳಿತಾವ?” ಅವ್ವ ಶಾಪ ಹಾಕಲು ಹೋದಳು; ಅಣ್ಣ ಬಿಡಲಿಲ್ಲ. ಜೀಪನ್ನು ತರಲು ಅವನು ಹೋಗಲೂ ಇಲ್ಲ. ಕಿತ್ತೂರಿನಿಂದ ತಂದ ದಿನ ಆಡಿದ ಮಾತನ್ನು ಅವನು ಮರೆತಿರಲಿಲ್ಲ. ಅದು ಮಾವನ ದನದ ಕೊಟ್ಟಿಗೆಯ ಪಕ್ಕದಲ್ಲಿಯೇ ನಿಂತಿತು. ಹಿಂದಿನ ಹಲಗೆಯ ತಳದ ಮೇಲೆ ಮೇವು ಒಟ್ಟುತ್ತಿದ್ದರೆಂದು ಕೇಳಿದೆ.

ಮದುವೆ ಮುಂದಿನ ವೈಶಾಖದಲ್ಲಿ. ನಮ್ಮಲ್ಲಿ ಮದುಮಕ್ಕಳು ಕೂರುವ ಮಣೆ ಹೆಣ್ಣಿನ ಸೋದರತ್ತೆಯ ಮನೆಯಿಂದ ಹೋಗಬೇಕು. ಅವ್ವ ಆ ಹುಡುಗಿಗೆ ಸಂಬಂಧದಲ್ಲಿ ಸೋದರತ್ತೆ. ಅಪ್ಪನಿಗೆ ಆಗ ಕೈ ನಡುಗಲು ಆರಂಭವಾಗಿತ್ತು. ಅಷ್ಟರಲ್ಲಿ ಅಣ್ಣ ಛಪ್ಪರದ ಕೆಲಸಕ್ಕೆ ಕುಳಿತಿದ್ದ; ಕುಳಿತು ಮಾಡುವ ಕೆಲಸ. ಮಣೆಯನ್ನು ಅವನೇ ಮಾಡಿದ. ತೇಗದ ಒಂದೇ ಹಲಗೆ. ಯಾರೂ ಹೇಳದಿದ್ದರೂ ನಾಲ್ಕು ಮೂಲೆಗೆ ನಾಲ್ಕು ಕಮಲ ಕೆತ್ತಿದ. ಅವ್ವ, “ಬ್ಯಾರೇದವರ ಕಡೆ ಮಾಡಸೂಣು ಬಿಡಪ್ಪಾ,” ಎಂದಾಗ, “ಬ್ಯಾರೇದವರ ಮಣಿ ಮ್ಯಾಲೆ ಕುಂತ್ರ ಸಂಬಂಧ ಹ್ಯಾಂಗ ಉಳಿತೈತಿ?” ಎಂದ.

ತಲುಪಿಸುವ ಕೆಲಸ ನನ್ನದಾಯಿತು. ಬಸ್ಸಿನಿಂದ ಇಳಿದು, ಒಣಗಿದ ಹಳ್ಳ ದಾಟಿ, ಮಣೆಯನ್ನು ಹೆಗಲ ಮೇಲೆ ಇಟ್ಟುಕೊಂಡು ನಡೆದೆ. ಎರೆ ಬಿರುಕು ಬಿಟ್ಟು ಕಲ್ಲಾಗಿತ್ತು. ಕೊರಕಲುಗಳ ನಡುವಿನ ದಿಬ್ಬದ ಮೇಲೆ, ಊರು ಕಾಣುವ ಜಾಗದಲ್ಲಿ, ನೇಗಿಲು ಒಮ್ಮೆ ಹಾದಂತಹ ಒಂದು ಗೆರೆ ಇತ್ತು. ಕಬ್ಬಿಣದ ಗುಂಡು ಉತ್ತ ಗೆರೆ. ಅದು ಸ್ವಲ್ಪ ದೂರ ಬಂದು, ಒಂದು ಗುಣಿಯಾಗಿ, ಅಲ್ಲಿಂದ ಎತ್ತುಗಳು ಎಳೆದ ಕಡೆಗೆ ತೆಳುವಾಗಿ ಮುಂದುವರಿದಿತ್ತು. ಗುಣಿಯ ಪಕ್ಕದಲ್ಲಿ ಮತ್ತೊಂದು ಚಿಕ್ಕ ಗುಣಿ, ಬೂಟಿನ ಅಳತೆಯದು.

ಮಣೆ ಭಾರವಾಗಿತ್ತು. ಹೆಗಲು ಬದಲಿಸಿಕೊಂಡೆ. ಅಗಸಿಯ ಹತ್ತಿರ ಹಂದರದ ಮಾವಿನ ತೋರಣ ಕಾಣುತ್ತಿತ್ತು. ಎರಡೂ ಗುಣಿಗಳನ್ನು ಬಳಸಿಕೊಂಡು ಮುಂದೆ ಹೋದೆ.